561: ಫರ್ಮಾನ ಪರೀಕ್ಷೆಯನ್ನು ವಂಚಿಸುವ ಸಂಖ್ಯೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯಲ್ಲಿ ಅವಿಭಾಜ್ಯ ಸಂಖ್ಯೆಗಳನ್ನು ಕುರಿತು ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಅದರಲ್ಲಿನ ಒಂದು ವಾಕ್ಯವನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ. ಎಲ್ಲ ಆಧಾರಗಳಿಗೂ ಫರ್ಮಾನ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಸಂಖ್ಯೆ ಅವಿಭಾಜ್ಯವೇ ಆಗಿರುತ್ತದೆ ಎಂದು ಅಲ್ಲಿ ಬರೆಯಲಾಗಿದೆ. ಆಧಾರವೆಂದು ಆರಿಸಿದ ಒಂದು ಪೂರ್ಣಾಂಕವನ್ನು ಪರೀಕ್ಷಿಸಬೇಕಾದ ಸಂಖ್ಯೆಯ ಘಾತಕ್ಕೆ ಏರಿಸಿ, ಬಂದದ್ದರಿಂದ ಆಧಾರವನ್ನು ಕಳೆದರೆ ಉಳಿದದ್ದು ಆ ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ ಎಂದು ನೋಡುವುದೇ ಈ ಪರೀಕ್ಷೆ. ಲೇಖನದ ಆ ವಾಕ್ಯ ತಪ್ಪೆಂದು ತೋರಿಸಲು 561 ಎಂಬ ಒಂದೇ ಸಂಖ್ಯೆ ಸಾಕು.

ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಹೇಳಿದ ಮಾತಿನ ತಿರುಳು ಇಷ್ಟು: ಯಾವುದೇ ಪೂರ್ಣಾಂಕವನ್ನು ಒಂದು ಅವಿಭಾಜ್ಯ ಸಂಖ್ಯೆಯ ಘಾತಕ್ಕೆ ಏರಿಸಿ, ಬಂದದ್ದರಿಂದ ಅದೇ ಪೂರ್ಣಾಂಕವನ್ನು ಕಳೆದರೆ, ಉಳಿದದ್ದು ಆ ಅವಿಭಾಜ್ಯದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 2ರ 7ನೇ ಘಾತ 128. ಅದರಿಂದ 2 ಕಳೆದರೆ 126. ಅದು 7ರ 18 ಪಟ್ಟು. ಇದರ ವಿಲೋಮವನ್ನು, ಅಂದರೆ ಹೀಗೆ ಭಾಗವಾದರೆ ಆ ಸಂಖ್ಯೆ ಅವಿಭಾಜ್ಯವೇ ಎಂಬುದನ್ನು, ಫರ್ಮಾನ ಪ್ರಮೇಯ ಹೇಳುವುದಿಲ್ಲ. ಆಧಾರ 2 ಒಂದನ್ನೇ ನೋಡಿದರೆ 341 ಸಹ ಮೋಸ ಮಾಡುತ್ತದೆ. 2ರ 10ನೇ ಘಾತವಾದ 1024ನ್ನು 341ರಿಂದ ಭಾಗಿಸಿದರೆ ಶೇಷ 1 ಬರುವುದರಿಂದ, 340ನೇ ಘಾತಕ್ಕೂ ಶೇಷ 1, 341ನೇ ಘಾತಕ್ಕೆ ಶೇಷ 2. ಹೀಗೆ 11ರ 31 ಪಟ್ಟಾದ ಸಂಖ್ಯೆ ಅವಿಭಾಜ್ಯದ ಹಾಗೆ ತೋರುತ್ತದೆ. ಆಧಾರವನ್ನು 3ಕ್ಕೆ ಬದಲಿಸಿದೊಡನೆ ಅದರ ಗುಟ್ಟು ರಟ್ಟಾಗುತ್ತದೆ, ಏಕೆಂದರೆ ಆಗ ಬರುವ ಶೇಷ 3 ಅಲ್ಲ, 168.

561ರ ಗುಟ್ಟು ಹಾಗೆ ಹೊರಬೀಳುವುದಿಲ್ಲ. ಅದು 3, 11 ಮತ್ತು 17ರ ಗುಣಲಬ್ಧ. 17ರಿಂದ ಭಾಗವಾಗದ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಅದರ 16ನೇ ಘಾತವನ್ನು 17ರಿಂದ ಭಾಗಿಸಿದಾಗ ಶೇಷ 1; 560 ಎಂಬುದು 16ರ 35 ಪಟ್ಟಾದ್ದರಿಂದ 560ನೇ ಘಾತಕ್ಕೂ ಶೇಷ 1; ಆದ್ದರಿಂದ 561ನೇ ಘಾತವೂ ಮೂಲ ಸಂಖ್ಯೆಯೂ 17ರ ಮಟ್ಟಿಗೆ ಒಂದೇ ಶೇಷವನ್ನು ಕೊಡುತ್ತವೆ. 17ರಿಂದ ಭಾಗವಾಗುವ ಸಂಖ್ಯೆಯಾದರೆ ಎರಡೂ ಕಡೆ ಶೇಷ ಸೊನ್ನೆ. 560ನ್ನು 10 ಮತ್ತು 2 ಸಹ ಭಾಗಿಸುವುದರಿಂದ 11 ಮತ್ತು 3ಕ್ಕೂ ಇದೇ ವಾದ ಸಲ್ಲುತ್ತದೆ. ಯಾವ ಆಧಾರವನ್ನೂ ಬಿಡದೆ ಪರೀಕ್ಷಿಸಿದರೂ 561 ತೇರ್ಗಡೆಯಾಗುತ್ತದೆ. ಅಂಕಿಗಳ ಮೊತ್ತ 12 ಎಂಬುದನ್ನು ಕಂಡು ಇದು 3ರಿಂದ ಭಾಗವಾಗುತ್ತದೆಂದು ಶಾಲೆಯ ಮಗುವೂ ಹೇಳಬಲ್ಲದು. ಅಷ್ಟು ಪ್ರಬಲವಾದ ಪರೀಕ್ಷೆಗೆ ಅದು ಕಾಣದಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇಂಥವುಗಳನ್ನು ಕಾರ್‌ಮೈಕಲ್ ಸಂಖ್ಯೆಗಳೆನ್ನುತ್ತಾರೆ. ಅಮೆರಿಕದ ಗಣಿತಜ್ಞ ರಾಬರ್ಟ್ ಕಾರ್‌ಮೈಕಲ್ 1910ರಲ್ಲಿ 561ನ್ನು ಮುಂದಿಟ್ಟರು. ಅವುಗಳಲ್ಲಿ ಇದೇ ಅತಿ ಚಿಕ್ಕದು. ನಂತರದವು 1105 ಮತ್ತು, ರಾಮಾನುಜನ್ ಹೆಸರಿನೊಡನೆ ನಮಗೆಲ್ಲ ಪರಿಚಿತವಾದ, 1729. ಇವು ಅನಂತವಾಗಿವೆ ಎಂಬುದು 1994ರಲ್ಲಿ ಪ್ರಕಟವಾದ ಸಾಧನೆಯಿಂದ ಖಚಿತವಾಗಿದೆ. ಆದ್ದರಿಂದ ಬೆರಳೆಣಿಕೆಯ ಅಪವಾದಗಳೆಂದು ಇವನ್ನು ಬದಿಗೆ ಸರಿಸುವಂತಿಲ್ಲ.

ಹಾಗೆಂದು ಪರೀಕ್ಷೆಯ ವಿಧಾನವನ್ನೇ ಕೈಬಿಡಬೇಕಿಲ್ಲ. ಮಿಲ್ಲರ್ ಮತ್ತು ರಾಬಿನ್ ಅವರ ಪರೀಕ್ಷೆ ಕೊನೆಯ ಶೇಷವನ್ನಷ್ಟೇ ಅಲ್ಲದೆ ದಾರಿಯಲ್ಲಿ ಸಿಗುವ ಶೇಷಗಳನ್ನೂ ಗಮನಿಸುತ್ತದೆ. 2ರ 140ನೇ ಘಾತವನ್ನು 561ರಿಂದ ಭಾಗಿಸಿದರೆ ಶೇಷ 67. ಅದರ ವರ್ಗ 4489, 561ರ 8 ಪಟ್ಟಿಗಿಂತ ಸರಿಯಾಗಿ 1 ಹೆಚ್ಚು. ವರ್ಗ ಮಾಡಿದಾಗ ಶೇಷ 1 ಬರುವಂಥ ಸಂಖ್ಯೆ, ಭಾಜಕವು ಅವಿಭಾಜ್ಯವಾಗಿದ್ದರೆ, 1 ಅಥವಾ ಭಾಜಕಕ್ಕಿಂತ 1 ಕಡಿಮೆ ಇರಲೇಬೇಕು. 67 ಎರಡೂ ಅಲ್ಲ. ಅಷ್ಟೇ ಅಲ್ಲ, 67ರ ಅಕ್ಕಪಕ್ಕದ 66 ಮತ್ತು 68ರೊಳಗೆ 33 ಮತ್ತು 17 ಅಡಗಿ ಕುಳಿತಿವೆ, ಅವುಗಳ ಗುಣಲಬ್ಧವೇ 561.

ಲೇಖನವನ್ನು ಓದುವ ವಿದ್ಯಾರ್ಥಿಗಳು ಪ್ರಮೇಯವನ್ನೂ ಅದರ ವಿಲೋಮವನ್ನೂ ಒಂದೇ ಎಂದು ತಿಳಿಯದಿರಲೆಂದು, ಆ ವಾಕ್ಯದ ತಿದ್ದುಪಡಿಯನ್ನು 561ರ ಉದಾಹರಣೆಯೊಡನೆ ಪ್ರಕಟಿಸಬೇಕಾಗಿ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ