ತೋಳವನ್ನು ಎಲ್ಲಿ ಬಿಟ್ಟೆ?

ಬೆಂಗಳೂರು

ಪ್ರೀತಿಯ ತಮ್ಮನಿಗೆ,

ಯೇಸುವಿನ ಹೆಸರು, ಹೋಲಿಕೆಗಳ ಮೇಲೆ ನೀನು ಬರೆದ ಹಸ್ತಪ್ರತಿ ಸೇರಿತು, ಜೊತೆಗಿದ್ದ ಪತ್ರವೂ ಸೇರಿತು. ‘ಪೂಜ್ಯ ಗುರುಗಳೇ’ ಎಂದು ಶುರು ಮಾಡಿದ್ದೀಯ. ನಾನು ನಿನಗೆ ಒಂದಕ್ಷರ ಕಲಿಸಿದವನಲ್ಲ. ಅಣ್ಣ ಎಂದರೆ ಧಾರಾಳವಾಯಿತು. ಪುಸ್ತಕ ಎಷ್ಟು ಪುಟವಿರಬೇಕು, ಮುನ್ನುಡಿಯನ್ನು ಯಾರಿಂದ ಬರೆಸಬೇಕು, ಐನೂರು ಪ್ರತಿಗೆ ಏನು ಖರ್ಚು ಬೀಳುತ್ತದೆ ಎಂದೆಲ್ಲ ಕೇಳಿದ್ದೀಯ. ಖರ್ಚಿನ ಲೆಕ್ಕವನ್ನು ಕಾಟನ್‌ಪೇಟೆಯ ಯಾವ ಮುದ್ರಕನಾದರೂ ನನಗಿಂತ ಚೆನ್ನಾಗಿ ಹೇಳುತ್ತಾನೆ. ಮುನ್ನುಡಿ ಬೇಡ. ಪುಟಗಳ ವಿಷಯವನ್ನು ಮುಂದೆ ಓದುತ್ತಾ ಹೋದರೆ ನೀನೇ ಊಹಿಸಿಕೊಳ್ಳುತ್ತೀಯ.

ನನ್ನನ್ನು ಉತ್ತರ ಬರೆಯಲು ಕೂರಿಸಿದ್ದು ನಿನ್ನ ಪತ್ರದ ಎರಡನೇ ಪುಟ. ನಿಮ್ಮ ಬೀದಿಯ ಪ್ರಾರ್ಥನಾ ಕೂಟದಲ್ಲಿ ‘ಒಳ್ಳೇ ಕುರುಬ’ ಅಧ್ಯಾಯವನ್ನು ಓದಿದೆಯಂತೆ. ಸಭಾಪಾಲಕರು ಬೆನ್ನು ತಟ್ಟಿದರು, ಯಾರೋ ಕಣ್ಣೊರೆಸಿಕೊಂಡರು, ಇನ್ಯಾರೋ ಮೊಬೈಲಿಗೆ ಕಳುಹಿಸು ಎಂದರು. ಎಲ್ಲ ಮುಗಿದ ಮೇಲೆ, ಹೋದ ವರ್ಷ ಮಗನನ್ನು ಕಳೆದುಕೊಂಡ ಆ ಮನೆಯ ಅಮ್ಮ ಚಹಾ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಳ್ಳುತ್ತಾ, ‘ಚೆನ್ನಾಗಿ ಬರೆದಿದ್ದೀಯಪ್ಪ, ನನಗೆ ಮಾತ್ರ ತಾಗಲಿಲ್ಲ’ ಎಂದು ಹೇಳಿ ಒಳಗೆ ಹೋದರು. ಅಂದಿನಿಂದ ಒಂದು ಸಾಲೂ ಬರೆಯಲಾಗುತ್ತಿಲ್ಲ, ಬಿಟ್ಟುಬಿಡಲೇ ಎಂದು ಕೇಳಿದ್ದೀಯ.

ಬಿಡುವುದಿದ್ದರೆ ಬಿಡು, ಕನ್ನಡಕ್ಕೇನೂ ನಷ್ಟವಿಲ್ಲ. ಆದರೆ ಆ ಅಮ್ಮ ಆಡಿದ್ದು ನಿನಗೆ ಇಲ್ಲಿಯವರೆಗೆ ಸಿಕ್ಕಿರುವ ಒಂದೇ ಒಂದು ವಿಮರ್ಶೆ. ಬೆನ್ನು ತಟ್ಟಿದವರು ನಿನಗೆ ಏನನ್ನೂ ಕೊಟ್ಟಿಲ್ಲ. ಸಭೆಯ ಜನ ಒಳ್ಳೆಯವರು, ತಮ್ಮ ಹುಡುಗ ಬರೆದದ್ದೆಲ್ಲ ಅವರಿಗೆ ಚೆನ್ನಾಗಿಯೇ ಕಾಣುತ್ತದೆ. ಆ ಹೊಗಳಿಕೆಯನ್ನು ನಂಬಿ ಹಾಳಾದ ಮೂರು ಪ್ರತಿಭಾವಂತರನ್ನು ನಾನು ಬಲ್ಲೆ. ಒಬ್ಬರು ಈಗಲೂ ಪ್ರತಿ ಕ್ರಿಸ್ಮಸ್‌ಗೆ ಅದೇ ನಕ್ಷತ್ರದ ಮೇಲೆ ಅದೇ ಲೇಖನ ಬರೆಯುತ್ತಾರೆ.

ಆ ಅಧ್ಯಾಯವನ್ನು ನಾನೂ ಓದಿದೆ. ಹಸಿರು ಹುಲ್ಲುಗಾವಲಿದೆ, ಕೊಳಲಿದೆ, ಸಂಜೆಯ ಬಿಸಿಲಿದೆ, ಕುರುಬನ ಮೃದುವಾದ ಕೈಯಿದೆ. ತೋಳವೆಲ್ಲಿ?

ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಕುರುಬ ಒಬ್ಬನೇ ಬರುವುದಿಲ್ಲ. ಮೊದಲು ಬರುವವನು ಕಳ್ಳ, ಹಟ್ಟಿಗೆ ಬಾಗಿಲಿನಿಂದ ಬರದೆ ಬೇರೆ ಕಡೆಯಿಂದ ಹತ್ತಿ ಬರುವವನು. ಆಮೇಲೆ ಕೂಲಿಯಾಳು, ತೋಳವನ್ನು ಕಂಡೊಡನೆ ಕುರಿಗಳನ್ನು ಬಿಟ್ಟು ಓಡುವವನು. ತೋಳವಂತೂ ಹಿಡಿಯುತ್ತದೆ, ಚದರಿಸುತ್ತದೆ. ಇವರೆಲ್ಲರ ನಡುವೆ ನಿಂತುಕೊಂಡು ಯೇಸು ‘ನಾನೇ ಒಳ್ಳೇ ಕುರುಬನು’ ಎನ್ನುವುದು. ಅದನ್ನು ಯಾರ ಮುಂದೆ ಹೇಳಿದನೆಂದು ಒಂದು ಪುಟ ಹಿಂದಕ್ಕೆ ಹೋಗಿ ನೋಡು. ಹುಟ್ಟುಕುರುಡನೊಬ್ಬನಿಗೆ ಕಣ್ಣು ಬಂದಿದೆ. ಅವನ ತಂದೆತಾಯಿ ಸಭಾಮಂದಿರದಿಂದ ಬಹಿಷ್ಕಾರ ಹಾಕಿಯಾರೆಂದು ಹೆದರಿ, ‘ಅವನನ್ನೇ ಕೇಳಿ, ಪ್ರಾಯದವನು’ ಎಂದು ನುಣುಚಿಕೊಂಡಿದ್ದಾರೆ. ದೊಡ್ಡವರು ಅವನನ್ನು ಬೈದು ಹೊರಗೆ ಹಾಕಿದ್ದಾರೆ. ಹೊರಗೆ ಹಾಕಿದ ಸುದ್ದಿ ಕೇಳಿ ಯೇಸು ಅವನನ್ನು ಹುಡುಕಿಕೊಂಡು ಬಂದಿದ್ದಾನೆ. ಆ ಮಾತುಕತೆ ಮುಗಿಯುವ ಮೊದಲೇ ಕುರುಬನ ಮಾತು ಶುರುವಾಗುತ್ತದೆ. ನಡುವೆ ಅಧ್ಯಾಯದ ಗೆರೆ ಎಳೆದದ್ದು ಎಷ್ಟೋ ಶತಮಾನಗಳ ನಂತರದವರು. ನೀನು ಆ ಗೆರೆಯಿಂದ ಓದಲು ಶುರು ಮಾಡಿದೆ, ಹೊರಗೆ ಹಾಕಿಸಿಕೊಂಡವನು ನಿನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನೂ ಹಿಂದೆ, ಹಳೆಯ ಒಡಂಬಡಿಕೆಗೆ ಹೋದರೆ ಪ್ರವಾದಿ ಯೆಹೆಜ್ಕೇಲನ 34ನೇ ಅಧ್ಯಾಯ ಸಿಗುತ್ತದೆ. ಅಲ್ಲಿ ಕುರುಬರು ಕೊಬ್ಬು ತಿನ್ನುತ್ತಾರೆ, ಉಣ್ಣೆ ಹೊದೆಯುತ್ತಾರೆ, ಮುರಿದದ್ದಕ್ಕೆ ಕಟ್ಟು ಕಟ್ಟುವುದಿಲ್ಲ. ನಿಮ್ಮನ್ನು ನಂಬಿದ್ದು ಸಾಕು, ನನ್ನ ಕುರಿಗಳನ್ನು ನಾನೇ ಹುಡುಕುತ್ತೇನೆ ಎಂದು ದೇವರು ಸಿಟ್ಟಿನಿಂದ ಎದ್ದು ನಿಲ್ಲುತ್ತಾನೆ. ಕುರುಬನೆಂಬ ಹೆಸರಿನಲ್ಲಿ ಈ ಸಿಟ್ಟೂ ಇದೆ. ನಾನು ನಿನ್ನ ವಯಸ್ಸಿನಲ್ಲಿ ಇದನ್ನೇ ಒಂದು ಕ್ರೈಸ್ತ ಮಾಸಪತ್ರಿಕೆಗೆ ಬರೆದಿದ್ದೆ. ಸಂಪಾದಕರು ಯೆಹೆಜ್ಕೇಲನ ಪ್ಯಾರಾವನ್ನು ಪೂರ್ತಿ ಹೊಡೆದುಹಾಕಿದರು. ಕೇಳಿದ್ದಕ್ಕೆ, ‘ಮೇಲಿನವರು ಬೇಸರ ಮಾಡಿಕೊಳ್ಳುತ್ತಾರೆ, ಜನರಿಗೆ ಆದರಣೆ ಸಿಕ್ಕರೆ ಸಾಕು’ ಎಂದರು. ಉಳಿದ ಅರ್ಧ ಲೇಖನಕ್ಕೆ ಹಸಿರು ಹುಲ್ಲಿನ ಒಂದು ಚಿತ್ರ ಅಂಟಿಸಿ ಅಚ್ಚು ಹಾಕಿದರು. ಅವರು ತೀರಿಕೊಂಡು ಬಹಳ ಕಾಲವಾಯಿತು. ನನ್ನ ಸಿಟ್ಟು ಆರಿಲ್ಲ. ನಿನ್ನ ಹಸ್ತಪ್ರತಿಯಲ್ಲಿ ಅದೇ ಚಿತ್ರವನ್ನು ನೀನಾಗಿಯೇ ಅಂಟಿಸಿಕೊಂಡಿದ್ದೀಯ, ಯಾವ ಸಂಪಾದಕನೂ ಹೇಳದೆ.

40 ಅಧ್ಯಾಯ, 40 ಹೆಸರು. ಯೋಹಾನನೇ ‘ನಾನೇ’ ಎಂಬ ಯೇಸುವಿನ ಮಾತಿನ ಜೊತೆ 7 ರೂಪಗಳನ್ನು ಇಟ್ಟು ಸುಮ್ಮನಾದ: ರೊಟ್ಟಿ, ಬೆಳಕು, ಬಾಗಿಲು, ಕುರುಬ, ಪುನರುತ್ಥಾನ, ಮಾರ್ಗ, ಬಳ್ಳಿ. ನಿನ್ನದರಲ್ಲಿ ಒಂದಾದ ಮೇಲೆ ಒಂದು ಬರುತ್ತಲೇ ಇದೆ, ಊಟಕ್ಕೆ ಕುಳಿತವರಿಗೆ ಮೊದಲಿನಿಂದ ಕೊನೆಯವರೆಗೂ ಪಾಯಸವನ್ನೇ ಬಡಿಸಿದ ಹಾಗೆ. ಲಂಗರಿನ ಅಧ್ಯಾಯದಲ್ಲಿ ಸಮುದ್ರವನ್ನೇ ಶಾಂತಗೊಳಿಸಿಬಿಟ್ಟಿದ್ದೀಯ. ಸಮುದ್ರ ಶಾಂತವಾಗಿದ್ದರೆ ಲಂಗರಿನ ಹಂಗೇಕೆ? ಬಂಡೆಯ ನೆರಳಿನ ಅಧ್ಯಾಯದಲ್ಲಿ ಬಿಸಿಲಿಲ್ಲ. ಮೂಲೆಗಲ್ಲಿನ ಅಧ್ಯಾಯದಲ್ಲಿ, ಆ ಕಲ್ಲನ್ನು ಬೇಡವೆಂದು ಬಿಸುಟ ಮನೆ ಕಟ್ಟುವವರು ಒಂದೇ ಸಾಲಿನಲ್ಲಿ ಬಂದು ಮಾಯವಾಗುತ್ತಾರೆ. ‘ಜೀವದ ರೊಟ್ಟಿ’ ಎಂದು ಹೇಳಿದ ಅದೇ ಅಧ್ಯಾಯದ ಕೊನೆಗೆ ಶಿಷ್ಯರಲ್ಲೇ ಬಹಳ ಮಂದಿ ಅವನನ್ನು ಬಿಟ್ಟು ಹೊರಟುಹೋದರೆಂದು ಬರೆದಿದೆ. ಅದನ್ನೂ ನೀನು ಬಿಟ್ಟಿದ್ದೀಯ.

ಒಂದು ಕಡೆಯಂತೂ ನಾನು ಪುಟವನ್ನು ಮಡಚಿಟ್ಟು ಹೊರಗೆ ಹೋಗಿ ಬಂದೆ. ಅಲೆಯುವ ಕುರಿಮರಿಯ ಕಾಲನ್ನು ಕುರುಬನೇ ಮುರಿದು, ವಾಸಿಯಾಗುವವರೆಗೆ ಹೆಗಲ ಮೇಲೆ ಹೊತ್ತು ತಿರುಗಿ, ತನಗೆ ಒಗ್ಗಿಸಿಕೊಳ್ಳುತ್ತಾನೆ ಎಂಬ ಕಥೆಯನ್ನು ಬರೆದಿದ್ದೀಯ. ಇದು ಸತ್ಯವೇದದಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಲೂಕನ 15ನೇ ಅಧ್ಯಾಯದ ಕುರುಬ ತಪ್ಪಿಸಿಕೊಂಡ ಒಂದಕ್ಕಾಗಿ ತೊಂಬತ್ತೊಂಬತ್ತು ಕುರಿಗಳನ್ನು ಅಡವಿಯಲ್ಲಿ ಬಿಟ್ಟು ಹೋಗುತ್ತಾನೆ, ಸಿಕ್ಕುವ ತನಕ ಹುಡುಕುತ್ತಾನೆ, ಸಂತೋಷದಿಂದ ಹೆಗಲಿಗೇರಿಸುತ್ತಾನೆ. ಕಾಲು ಮುರಿಯುವ ಕುರುಬ ಇರುವುದು ಪ್ರಸಂಗಿಗಳ ಬಾಯಲ್ಲಿ ಮಾತ್ರ. ಕೇಳುವುದಕ್ಕೆ ಹಿತವಾಗಿದೆ, ಅದಕ್ಕೇ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂದಿದೆ. ಆ ಅಮ್ಮ ಅದನ್ನು ಕೇಳುತ್ತಾ ಕುಳಿತಿದ್ದರಲ್ಲ, ಅವರಿಗೆ ಏನು ಕೇಳಿಸಿರಬೇಕು? ಕಾಲು ಮುರಿದವನು ಅವನೇ, ನಿನ್ನ ಮಗನನ್ನು ಕರೆದುಕೊಂಡವನೂ ಅವನೇ, ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದು. ಇಂಥದ್ದನ್ನು ಕೇಳಿದ ಮೇಲೂ ನಿಮಗೆಲ್ಲ ಚಹಾ ಕೊಟ್ಟರಲ್ಲ, ಅದು ಅವರ ದೊಡ್ಡತನ.

ಬಳ್ಳಿಯ ಅಧ್ಯಾಯದಲ್ಲೂ ಇದೇ ಅಪಾಯವಿದೆ. ಆದರೆ ಅಲ್ಲಿ ನೀನು ಕತ್ತರಿಯನ್ನು ಬಿಟ್ಟಿಲ್ಲ, ಭೇಷ್. ಬಿಟ್ಟಿರುವುದು ಹೊತ್ತನ್ನು. ಫಲ ಕೊಡುವ ಕೊಂಬೆಯನ್ನೇ ತೋಟಗಾರ ಸವರುತ್ತಾನೆ ಎಂಬ ಮಾತನ್ನು ಯೇಸು ಆಡಿದ್ದು ತನ್ನ ಬಂಧನದ ರಾತ್ರಿ, ಮರುದಿನ ತನ್ನನ್ನೇ ಕತ್ತರಿಸಿಹಾಕುತ್ತಾರೆಂದು ಗೊತ್ತಿದ್ದು, ತನ್ನ ಜೊತೆ ಊಟ ಮಾಡಿದ ಹನ್ನೊಂದು ಮಂದಿಗೆ. ಯಾರದೋ ಮನೆಯ ಸಾವಿಗೆ ಕಾರಣ ಹೇಳಲು ಆಡಿದ ಮಾತಲ್ಲ ಅದು. ಅದನ್ನು ನೀನು ಸಾವಿನ ಮನೆಯ ಆದರಣೆ ಕೂಟದಲ್ಲಿ ಎತ್ತಿಕೊಂಡರೆ ಕತ್ತರಿ ನಿನ್ನ ಕೈಗೆ ಬರುತ್ತದೆ. ‘ನನ್ನಲ್ಲಿ ನೆಲೆಗೊಂಡಿರಿ’ ಎಂಬುದು ಅಲ್ಲಿನ ಮುಖ್ಯ ಮಾತು. ನೆಲೆಗೊಳ್ಳಿ ಎಂದು ಬೇಡಿಕೊಂಡವನನ್ನು ಕೆಲವೇ ಗಂಟೆಗಳಲ್ಲಿ ಅವರೆಲ್ಲ ಬಿಟ್ಟು ಓಡಿದರು. ಅದನ್ನೂ ಬರೆ.

ನೀನು ದ್ರಾಕ್ಷಿ ಬಳ್ಳಿಯನ್ನು ಹತ್ತಿರದಿಂದ ನೋಡಿಲ್ಲ, ಓದಿದರೆ ತಿಳಿಯುತ್ತದೆ. ನಮ್ಮ ಕೆ.ಆರ್. ಮಾರುಕಟ್ಟೆಗೆ ಬರುವ ನೀಲಿ ದ್ರಾಕ್ಷಿ ಬೆಳೆಯುವುದು ಇಲ್ಲೇ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ. ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಕಟ್ಟಿರುತ್ತಾರೆ. ಸವರಿದ ಮರುದಿನ ಹೋದರೆ ಚಪ್ಪರದ ಕೆಳಗೆ ನೆರಳೇ ಇರುವುದಿಲ್ಲ. ತಂತಿಯ ಮೇಲೆ ಕಂದು ಬಣ್ಣದ ಕಡ್ಡಿಗಳು, ನೆಲದ ಮೇಲೆ ರಾಶಿ ಎಲೆ. ಕತ್ತರಿಸಿದ ತುದಿಯಿಂದ ನೀರು ಹನಿಯುತ್ತಿರುತ್ತದೆ, ಬೆರಳು ಇಟ್ಟರೆ ತಣ್ಣಗೆ ತಾಗುತ್ತದೆ. ತೋಟ ಸತ್ತೇಹೋಯಿತು ಎನ್ನಿಸುವಂಥ ನೋಟ ಅದು. ಬೆಳೆಗಾರ ಮಾತ್ರ ನಿಶ್ಚಿಂತೆಯಿಂದ ಬೀಡಿ ಹಚ್ಚಿಕೊಂಡು ಕೂಲಿಯವರ ಲೆಕ್ಕ ಬರೆಯುತ್ತಿರುತ್ತಾನೆ. ನಿನ್ನ ಅಧ್ಯಾಯದಲ್ಲಿ ಬಳ್ಳಿಗೆ ವರ್ಷವಿಡೀ ಗೊಂಚಲು.

ಕೀರ್ತನೆ 23ನ್ನು ನೀನು ಬಾಯಿಪಾಠದಿಂದ ಬರೆದಿದ್ದೀಯ ಎಂಬ ಗುಮಾನಿ ನನಗೆ. ಪುಸ್ತಕ ತೆರೆದಿಟ್ಟುಕೊಂಡು ನಿಧಾನವಾಗಿ ಓದು. ಹುಲ್ಲುಗಾವಲಿನಲ್ಲಿ, ನೀರಿನ ಬಳಿಯಲ್ಲಿ ಕವಿ ದೇವರ ಬಗ್ಗೆ ಮಾತಾಡುತ್ತಾನೆ: ಆತನು ಹೀಗೆ ಮಾಡುತ್ತಾನೆ, ಹಾಗೆ ನಡೆಸುತ್ತಾನೆ. ಕಾರ್ಗತ್ತಲಿನ ಕಣಿವೆಗೆ ಕಾಲಿಟ್ಟ ಕೂಡಲೇ ಬಗ್ಗೆ ಮಾತಾಡುವುದು ನಿಂತುಹೋಗಿ ‘ನೀನು’ ಎಂದು ನೇರವಾಗಿ ಕರೆಯುತ್ತಾನೆ. ಮೇಜು ಸಿದ್ಧವಾಗುವುದು ಕೂಡ ವೈರಿಗಳ ಕಣ್ಣೆದುರಿಗೆ. ಅವರು ಎದ್ದುಹೋಗಿಲ್ಲ, ನೋಡುತ್ತಲೇ ಇದ್ದಾರೆ. ನೂರಾರು ಆದರಣೆ ಕೂಟಗಳಲ್ಲಿ ಕೇಳಿ ಕೇಳಿ ಸವೆದುಹೋದ ಈ ಕೀರ್ತನೆ ಇನ್ನೂ ಬದುಕಿರುವುದು ಆ ಕಣಿವೆಯಿಂದ, ಆ ವೈರಿಗಳಿಂದ ಎಂದು ನನ್ನ ನಂಬಿಕೆ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಬೇಕು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 5ನೇ ಅಧ್ಯಾಯದ ಮೇಲೆ ಬರೆದಿರುವ ಆರು ಪುಟ ನಿಜಕ್ಕೂ ಚೆನ್ನಾಗಿದೆ. ಏಳು ಮುದ್ರೆಯ ಸುರುಳಿಯನ್ನು ಬಿಚ್ಚುವ ಯೋಗ್ಯತೆ ಯಾರಿಗೂ ಇಲ್ಲವೆಂದು ಯೋಹಾನ ಬಹಳವಾಗಿ ಅಳುತ್ತಿದ್ದಾನೆ. ಹಿರಿಯರಲ್ಲೊಬ್ಬನು, ‘ಅಳಬೇಡ, ಯೂದ ಕುಲದ ಸಿಂಹ ಗೆದ್ದಿದ್ದಾನೆ’ ಎನ್ನುತ್ತಾನೆ. ಯೋಹಾನ ತಲೆಯೆತ್ತಿ ನೋಡಿದರೆ ಸಿಂಹವಿಲ್ಲ, ಕೊಯ್ದ ಗುರುತು ಇರುವ ಕುರಿಮರಿ ನಿಂತಿದೆ. ಸಿಂಹವೆಂದು ಕಿವಿಗೆ ಬಿದ್ದದ್ದು ಕಣ್ಣಿಗೆ ಕುರಿಮರಿಯಾಗಿ ಕಂಡ ಆ ಕ್ಷಣವನ್ನು ನೀನು ವಿವರಿಸಲು ಹೋಗದೆ ಹಾಗೇ ಬಿಟ್ಟಿದ್ದೀಯ. ಗಾಯ ಅಳಿಸಿಲ್ಲ, ಸ್ವರ್ಗದಲ್ಲೂ. ಇದನ್ನು ಬರೆದವನೇ ಆ ಕೊಳಲಿನ ಕುರುಬನನ್ನೂ ಬರೆದನೇ ಎಂದು ನನಗೆ ಆಶ್ಚರ್ಯ. ಇದನ್ನು ಯಾಕೆ ಪ್ರಾರ್ಥನಾ ಕೂಟದಲ್ಲಿ ಓದಲಿಲ್ಲ? ಜನ ಬೆನ್ನು ತಟ್ಟಲಿಕ್ಕಿಲ್ಲ ಎಂಬ ಭಯವೇ? ಹಾಗಿದ್ದರೆ ನಿನ್ನ ಖಾಯಿಲೆ ನನಗೆ ತಿಳಿಯಿತು.

ಇನ್ನು, ನಮ್ಮವರ ಬರವಣಿಗೆಯನ್ನು ಕನ್ನಡದವರು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ದೂರಿದ್ದೀಯ. ಅರ್ಧ ನಿಜ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟ್ಟೆಲ್‌ರನ್ನು 1894ರ ನಿಘಂಟಿಗಾಗಿ ಎಲ್ಲರೂ ನೆನೆಯುತ್ತಾರೆ. ಅವರೇ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೊಸೆದದ್ದನ್ನು ಸಾಹಿತ್ಯದವರೂ ಕೇಳುವುದಿಲ್ಲ, ಸಭೆಯವರೂ ಕೇಳುವುದಿಲ್ಲ. ಆದರೆ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗಿರಲಿಲ್ಲ. ಶಿಲುಬೆಯ ಆ ಒಂದು ದಿನವನ್ನು ಹಿಡಿದು ‘ಗೊಲ್ಗೊಥಾ’ ಬರೆದರು, ಕನ್ನಡ ಅದನ್ನು ತಲೆಯ ಮೇಲಿಟ್ಟುಕೊಂಡಿತು. ನಿನ್ನನ್ನು ಓದದಿರುವುದಕ್ಕೆ ನಿನ್ನ ಧರ್ಮವನ್ನು ನೆಪ ಮಾಡಿಕೊಳ್ಳಬೇಡ. ಹುಲ್ಲುಗಾವಲಿನ ಕೊಳಲನ್ನು ಯಾರು ಬರೆದರೂ ಯಾರೂ ಓದುವುದಿಲ್ಲ.

40ರಲ್ಲಿ ನೀನು ಸೇರಿಸದೆ ಬಿಟ್ಟ ಹೋಲಿಕೆ ಒಂದಿದೆ. ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯದ ಕೊನೆಯಲ್ಲಿ ಯೇಸು ತನ್ನನ್ನು ಕೋಳಿಗೆ ಹೋಲಿಸಿಕೊಳ್ಳುತ್ತಾನೆ: ಮರಿಗಳನ್ನು ರೆಕ್ಕೆಯ ಅಡಿಯಲ್ಲಿ ಸೇರಿಸಿಕೊಳ್ಳುವ ಹಾಗೆ ಎಷ್ಟೋ ಸಲ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಲು ಮನಸ್ಸಿತ್ತು, ನಿಮಗೆ ಇಷ್ಟವಿರಲಿಲ್ಲ ಎಂದು ಯೆರೂಸಲೇಮಿಗೆ ಹೇಳುತ್ತಾನೆ. ಸಿಂಹ, ಬಂಡೆ, ನಕ್ಷತ್ರಗಳ ಮಧ್ಯೆ ಕೋಳಿ ಮರ್ಯಾದೆಯಲ್ಲ ಎನ್ನಿಸಿತೋ ಏನೋ ನಿನಗೆ. ರಕ್ಷಕನ ಹೋಲಿಕೆಗಳಲ್ಲಿ ನೆರವೇರದೆ ಉಳಿದದ್ದು ಇದು. ಕರೆದರೂ ಮರಿಗಳು ಬರಲಿಲ್ಲ. ಮಗನನ್ನು ಉಳಿಸಿಕೊಳ್ಳಲಾಗದ ತಾಯಿಯೊಬ್ಬಳ ಪಕ್ಕದಲ್ಲಿ ಕೂರಲು ಯಾವುದಕ್ಕಾದರೂ ಹಕ್ಕಿದ್ದರೆ ಈ ಕೋಳಿಗೆ ಇದೆ. ಇದರ ಮೇಲೆ ಬರೆ. ಬರೆದದ್ದನ್ನು ಆ ಅಮ್ಮನಿಗೆ ತೋರಿಸಬೇಕೆಂದು ನಾನು ಹೇಳುವುದಿಲ್ಲ. ಅವರ ದುಃಖ ನಿನ್ನ ಪರೀಕ್ಷಾ ಕೊಠಡಿಯಲ್ಲ.

ಹಸ್ತಪ್ರತಿಯನ್ನು ನಾಳೆ ಅಂಚೆಗೆ ಹಾಕುತ್ತೇನೆ. ಕೆಂಪು ಶಾಯಿಯಲ್ಲಿ ಗೀಚಿದ್ದೇನೆ, ಬೇಸರ ಬೇಡ. ಕೊನೆಯ ಕೆಲವು ಅಧ್ಯಾಯಗಳನ್ನು ಮುಟ್ಟಿಲ್ಲ. ಸಂಜೆಯಾದರೆ ಈಗ ಕಣ್ಣು ಸಾಗುವುದಿಲ್ಲ. ಚಿಕ್ಕಬಳ್ಳಾಪುರದ ದಾರಿಯಲ್ಲಿ ನನಗೆ ಪರಿಚಯದವರ ತೋಟವಿದೆ. ಸವರುವ ದಿನ ಗೊತ್ತಾದರೆ ತಿಳಿಸುತ್ತೇನೆ, ಮೆಜೆಸ್ಟಿಕ್‌ನಿಂದ ಮೊದಲ ಬಸ್ಸಿಗೇ ಹೊರಡಬೇಕಾಗುತ್ತದೆ, ತಡಮಾಡಿದರೆ ಕೆಲಸದವರು ಮುಗಿಸಿ ಹೋಗಿರುತ್ತಾರೆ.

ಇಂತು,
ನಿನ್ನ ಅಣ್ಣ