ಮನೆ ಅವರದು, ಮಣ್ಣು ಅವರದಲ್ಲ

ಕಳೆದ ತಿಂಗಳ ಸಭೆಯಲ್ಲಿ ಮತ್ತೆ ಅದೇ ಮಾತು ಬಂತು. ನಮ್ಮ ಕನ್ನಡ ಕೂಟಕ್ಕೆ ಸ್ವಂತ ಜಾಗ ಬೇಕು. ಯುಗಾದಿಗೊಂದು ಹಾಲ್, ರಾಜ್ಯೋತ್ಸವಕ್ಕೊಂದು ಹಾಲ್ ಅಂತ ಇನ್ನೆಷ್ಟು ವರ್ಷ ಬಾಡಿಗೆಗೆ ಓಡಾಡೋದು? ಚರ್ಚೆ ಜೋರಾಗಿಯೇ ನಡೆಯಿತು. ಅದರ ಮುಂದಿನ ಶನಿವಾರ ನಾವು ಮನೆಯವರೆಲ್ಲ ಲಾಕ್ ಎಂಬ ಪುಟ್ಟ ಊರಿಗೆ ಹೋಗಿ ಬಂದೆವು. ಬಂದಾಗಿನಿಂದ ‘ಸ್ವಂತ ಜಾಗ’ ಅನ್ನುವ ಮಾತು ನನ್ನ ಕಿವಿಗೆ ಬೇರೆ ಥರ ಬೀಳುತ್ತಿದೆ.

ಲಾಕ್ ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ ದೂರದಲ್ಲಿ. ಫ್ರೀವೇ ಬಿಟ್ಟು ನದಿ ದಾರಿ ಹಿಡಿಯಬೇಕು. ಆ ರಸ್ತೆ ಇರುವುದೇ ಏರಿಯ ಮೇಲೆ. ಊರ ಕೆರೆ ಏರಿ ನೋಡಿದವರಿಗೆ ಬಿಡಿಸಿ ಹೇಳುವುದು ಬೇಡ. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ತೋಟ. ಬೆಂಗಳೂರಿನವರು ಮರಸೇಬು ಅನ್ನುತ್ತಾರಲ್ಲ, ಆ ಪೇರ್ ಮರಗಳು ಸಾಲುಸಾಲಾಗಿ ಬಿಳಿ ಹೂ ಬಿಟ್ಟು ನಿಂತಿದ್ದವು.

ಈ ಏರಿಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಚೀನಾದಿಂದ ಬಂದ ಕೂಲಿಗಳು. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಬೆಸೆಯುವ ದೊಡ್ಡ ರೈಲು ದಾರಿಯ ಕೆಲಸ ಮುಗಿಯಿತು. ಕೈ ಖಾಲಿಯಾದವರು ಈ ಕಡೆ ಬಂದರು. ಆಗ ಇದೆಲ್ಲ ಬರೀ ಜೊಂಡು, ಜೌಗು. ನೀರಲ್ಲೇ ನಿಂತು ಮಣ್ಣು ಕಡಿದರು, ತಳ್ಳುಗಾಡಿಗೆ ತುಂಬಿದರು, ಮೇಲೆ ಸುರಿದರು. ಕೂಲಿ ಕೊಡುತ್ತಿದ್ದದ್ದು ಎತ್ತಿದ ಮಣ್ಣಿನ ಲೆಕ್ಕಕ್ಕೆ. ಕೆಸರಲ್ಲಿ ಹೂತುಹೋಗದಿರಲಿ ಅಂತ ಕುದುರೆಗಳ ಕಾಲಿಗೂ ಅಗಲದ ಪಾದರಕ್ಷೆ ಕಟ್ಟುತ್ತಿದ್ದರು. ಇವತ್ತು ನಾವು ಸುಮ್ನೆ ಕಾರಿನಲ್ಲಿ ದಾಟಿಹೋಗುವ ಈ ಹೊಲ ತೋಟಗಳು ಹಾಗೆ ನೀರಿನಿಂದ ಎದ್ದ ನೆಲ.

1915ರ ಅಕ್ಟೋಬರ್‌ನಲ್ಲಿ ಪಕ್ಕದ ವಾಲ್ನಟ್ ಗ್ರೋವ್‌ನ ಚೀನೀ ಕೇರಿಗೆ ಬೆಂಕಿ ಬಿತ್ತು. ಮನೆ ಕಳೆದುಕೊಂಡವರಲ್ಲಿ ಜುಂಗ್‌ಶಾನ್ ಸೀಮೆಯವರು ಒಂದು ಗುಂಪಾಗಿದ್ದರು. ಚೀನಾ ಗಣರಾಜ್ಯದ ಮೊದಲ ಅಧ್ಯಕ್ಷ ಸುನ್ ಯಾತ್‌ಸೆನ್ ಹುಟ್ಟಿದ ಸೀಮೆ ಅದು. ಲೀ ಬಿಂಗ್ ಎಂಬ ವ್ಯಾಪಾರಿ ಇನ್ನು ಕೆಲವರನ್ನು ಜೊತೆಗೆ ಕರೆದುಕೊಂಡು ಜಮೀನುದಾರ ಜಾರ್ಜ್ ಲಾಕ್ ಬಳಿ ಹೋದರು. ಕಾಗದ ಪತ್ರ ಏನೂ ಇಲ್ಲ, ಎಲ್ಲ ಬಾಯಿಮಾತು. ನೆಲಕ್ಕೆ ತಿಂಗಳ ಬಾಡಿಗೆ, ಮೇಲೆ ಮನೆ ತಾವೇ ಕಟ್ಟಿಕೊಳ್ಳೋದು. ಹಾಗೆ ಒಂದು ಊರು ಎದ್ದಿತು. ಚೀನೀಯರು ತಮಗೋಸ್ಕರ ತಾವೇ ಕಟ್ಟಿಕೊಂಡ ಊರು. ಮನೆ ಅವರದು, ಅದರ ಕೆಳಗಿನ ಮಣ್ಣು ಮಾತ್ರ ಲಾಕ್ ಮನೆತನದ್ದು.

ಯಾಕೆ ಕೊಂಡುಕೊಳ್ಳಲಿಲ್ಲ? ಕೊಳ್ಳುವ ಹಾಗಿರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದ ಪರದೇಶದವರು ಜಮೀನು ಕೊಳ್ಳಕೂಡದು ಅಂತ 1913ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತ್ತು. ಏಷ್ಯಾದಿಂದ ಬಂದವರಿಗೆ ಪೌರತ್ವವೇ ಇಲ್ಲ. ಅಲ್ಲಿಗೆ ಲೆಕ್ಕ ಮುಗಿಯಿತು.

ಇದು ಬೇರೆಯವರ ಕಥೆ ಅಂದುಕೊಳ್ಳಬೇಡಿ. ಲಾಕ್‌ನಿಂದ ಸ್ಟಾಕ್ಟನ್ ಹೆಚ್ಚು ದೂರವಿಲ್ಲ. ಅಲ್ಲಿ 1912ರಲ್ಲೇ ಪಂಜಾಬಿ ರೈತರು ಗುರುದ್ವಾರ ಶುರುಮಾಡಿದ್ದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪೌರತ್ವದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟ್‌ಗೆ ಹೋಯಿತು. ಥಿಂಡ್ ಮೊದಲನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಭಾರತದವರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ಕೋರ್ಟ್ ಹೇಳಿತು. ಆಮೇಲೆ ಇದೇ ಭೂಮಿ ಕಾನೂನು ನಮ್ಮ ದೇಶದವರ ತಲೆ ಮೇಲೂ ಕೂತಿತು. ಬೆವರು ಸುರಿಸಿದ ಹೊಲವನ್ನು ಎಷ್ಟೋ ಪಂಜಾಬಿಗಳು ಬೇರೆಯವರ ಹೆಸರಿಗೆ ಬರೆಸಿಟ್ಟು ಬದುಕಬೇಕಾಯಿತು. ಅವತ್ತು ಇಲ್ಲಿದ್ದವರು ಪಂಜಾಬಿಗಳು, ನಿಜ. ಕನ್ನಡದವರು ಬಂದಿದ್ದರೂ ಆ ಕಾನೂನು ಬೇರೆ ಏನೂ ಹೇಳುತ್ತಿರಲಿಲ್ಲ. ಪೌರತ್ವದ ಬಾಗಿಲು ಚೀನೀಯರಿಗೆ ತೆರೆದದ್ದು 1943ರಲ್ಲಿ, ಭಾರತದವರಿಗೆ 1946ರಲ್ಲಿ. ಭೂಮಿ ಕಾನೂನನ್ನು ರಾಜ್ಯದ ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 1952ರಲ್ಲಿ. ಮನೆ ಕೊಳ್ಳುವಾಗ ರಾಶಿ ಕಾಗದಗಳಿಗೆ ಸಹಿ ಹಾಕಿ ಕೈ ನೋವು ಬಂತು ಅಂತ ನಾನು ಒಮ್ಮೆ ಗೊಣಗಿದ್ದೆ. ಆ ಸಹಿ ಹಾಕಲು ಎಷ್ಟು ಜನ ಕಾದಿದ್ದರು ಅಂತ ಆಗ ನನಗೆ ಗೊತ್ತಿರಲಿಲ್ಲ.

ಏರಿಯಿಂದ ಮೆಟ್ಟಿಲಿಳಿದರೆ ಮುಖ್ಯ ಬೀದಿ. ಎರಡು ಕಾರು ಎದುರಾದರೆ ಕಷ್ಟ, ಅಷ್ಟು ಇಕ್ಕಟ್ಟು. ಎರಡೂ ಕಡೆ ಮರದ ಅಂತಸ್ತಿನ ಮನೆಗಳು ಬಾಲ್ಕನಿ ಮುಂದೆ ಚಾಚಿ, ಸ್ವಲ್ಪ ವಾಲಿಕೊಂಡು ನಿಂತಿವೆ. ಏರಿಗೆ ಅಂಟಿಕೊಂಡ ಮನೆಗಳ ಮಹಡಿ ಬಾಗಿಲು ಏರಿ ರಸ್ತೆಗೆ ತೆರೆಯುತ್ತದೆ, ಕೆಳಗಿನ ಬಾಗಿಲು ಬೀದಿಗೆ. ಒಳ್ಳೇ ಕಾಲದಲ್ಲಿ ಇಲ್ಲಿ ಸುಮಾರು 600 ಜನ ಇದ್ದರು. ಕೊಯ್ಲಿನ ಹೊತ್ತಿಗೆ ಕೂಲಿಯವರು ಬಂದು ಇನ್ನೂ ಜಾಸ್ತಿ. ಈಗ ನೂರು ಜನವೂ ಇಲ್ಲ. ಚೀನೀ ಮನೆಗಳು ಬೆರಳಲ್ಲಿ ಎಣಿಸುವಷ್ಟು.

ದಾಯ್ ಲಾಯ್ ಅನ್ನುವ ಜೂಜುಕಟ್ಟೆ ಈಗ ಮ್ಯೂಸಿಯಂ. 1951ರಲ್ಲಿ ಸರ್ಕಾರ ಅದನ್ನು ಮುಚ್ಚಿಸಿತು. ಅಲ್ಲಿ ಆಡುತ್ತಿದ್ದ ಒಂದು ಆಟ ಫಾನ್‌ಟಾನ್. ಅಂಗಿ ಗುಂಡಿಗಳ ರಾಶಿ ಹಾಕಿ ಮೇಲೆ ಬಟ್ಟಲು ಮುಚ್ಚುತ್ತಾರೆ. ಪಣ ಕಟ್ಟಿದ ಮೇಲೆ ಬಟ್ಟಲು ಎತ್ತಿ, ತೆಳು ಕಡ್ಡಿಯಲ್ಲಿ ನಾಲ್ಕು ನಾಲ್ಕು ಗುಂಡಿ ಆಚೆ ಎಳೆಯುತ್ತಾ ಹೋಗುತ್ತಾರೆ. ಕೊನೆಗೆ ಒಂದು ಉಳಿಯುತ್ತೋ, ಎರಡೋ, ಮೂರೋ, ನಾಲ್ಕೋ ಅನ್ನುವುದರ ಮೇಲೆ ಗೆಲುವು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದು, ಕಾನೂನಿನ ದೆಸೆಯಿಂದ ಕರೆಸಿಕೊಳ್ಳಲೂ ಆಗದೆ ಒಂಟಿಯಾಗಿ ಮುದುಕರಾದ ಕೂಲಿಯವರು ಸಂಜೆ ಇಲ್ಲಿ ಬಂದು ಕೂರುತ್ತಿದ್ದರು. ಅವರನ್ನು ಜೂಜುಕೋರರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಹೆಚ್ಚು ಹೊತ್ತು ನಿಂತದ್ದು ಚೀನೀ ಶಾಲೆಯಲ್ಲಿ. ಒಂದೇ ದೊಡ್ಡ ಕೋಣೆ, ಮರದ ಮೇಜುಗಳು, ಕರಿಹಲಗೆ. ಆ ಕಾಲದಲ್ಲಿ ಊರಿನ ಮಕ್ಕಳು ಹಗಲು ಹೋಗುತ್ತಿದ್ದದ್ದು ವಾಲ್ನಟ್ ಗ್ರೋವ್‌ನಲ್ಲಿ ಏಷ್ಯಾದವರಿಗೆಂದೇ ಬೇರೆ ಮಾಡಿದ್ದ ಶಾಲೆಗೆ. ಅದು ಮುಗಿದ ಮೇಲೆ ಇಲ್ಲಿಗೆ ಬಂದು ತಮ್ಮ ಭಾಷೆ ಓದಿ ಬರೆಯಲು ಕಲಿಯುತ್ತಿದ್ದರು. ನೆಲ ತಮ್ಮದಲ್ಲದಿದ್ದರೂ ಭಾಷೆಗೊಂದು ಕೋಣೆ ಕಟ್ಟಿದ್ದರು ನೋಡಿ. ನನ್ನ ಮಗಳು ಅಕ್ಷರಗಳನ್ನು ದಿಟ್ಟಿಸಿ, ‘ಅಮ್ಮ, ಇದು ಇವರ ಕನ್ನಡ ಕ್ಲಾಸಾ?’ ಅಂತ ಕೇಳಿದಳು. ಹೌದು ಅಂದೆ.

ಆ ಮಕ್ಕಳು ಕಾಲೇಜು ಓದಿ ದೂರ ಹೋದರು. 1952ರ ನಂತರವೂ ನೆಲ ಸಿಗಲಿಲ್ಲ. ಊರಿಡೀ ಒಂದೇ ತುಂಡು ಜಮೀನು, ಮನೆಮನೆಗೆ ಹಂಚಿರಲಿಲ್ಲ. 1990ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಹೆಸರಾಯಿತು. ಕೊನೆಗೆ ಕೌಂಟಿಯ ಸಂಸ್ಥೆಯೊಂದು ಜಾಗ ಕೊಂಡು, ಅಳತೆ ಮಾಡಿಸಿ, ಮನೆಗಳ ಮಾಲೀಕರಿಗೆ ನೆಲ ಮಾರಲು ಶುರುಮಾಡಿದಾಗ 2004 ಆಗಿತ್ತು. ಊರು ಕಟ್ಟಿ 89 ವರ್ಷ. ಕಟ್ಟಿದವರು ಯಾರೂ ಉಳಿದಿರಲಿಲ್ಲ.

ಏಪ್ರಿಲ್ ಕೊನೆಯ ಶನಿವಾರ ಕನ್ನಡ ತರಗತಿಯ ಮಕ್ಕಳನ್ನು ಲಾಕ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ದೊಡ್ಡವರೂ ಬನ್ನಿ. ಬೆಳಿಗ್ಗೆ ಹತ್ತಕ್ಕೆ ಹೊರಡೋಣ, ಚಿತ್ರಾನ್ನ ಮೊಸರನ್ನದ ಬುತ್ತಿ ಇರಲಿ. ಆ ಮನೆಗಳಲ್ಲಿ ಇನ್ನೂ ಜನ ವಾಸ ಇದ್ದಾರೆ, ಕಿಟಕಿಯಲ್ಲಿ ಇಣುಕಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಡಿ. ಏರಿ ಮೇಲೆ ಗಾಡಿ ನಿಲ್ಲಿಸಿ ಇಳಿಯುವಾಗ ಚಿಕ್ಕವರ ಕೈ ಬಿಡಬೇಡಿ, ನದಿ ಅಲ್ಲೇ ಪಕ್ಕದಲ್ಲಿದೆ.