ಗಾಲ್ಫ್: ಮೈಭಾರದ ಸಲಹೆ ಅರ್ಧಕ್ಕೇ ನಿಂತಿದೆ

ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಹೊಸಬರಿಗೆಂದು ಬಂದ ಗಾಲ್ಫ್ ಬರಹದಲ್ಲಿ ‘ಕ್ಲಬ್ (ಚೆಂಡು ಹೊಡೆಯುವ ಕೋಲು) ಎತ್ತುವಾಗ ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಹೊಡೆಯುವಾಗ ಎಡಗಾಲಿಗೆ ತನ್ನಿ, ತಲೆ ಅಲುಗಿಸಬೇಡಿ’ ಎಂಬ ಸಲಹೆಯಿತ್ತು. ಇದನ್ನು ಅಕ್ಷರಶಃ ಪಾಲಿಸಿದರೆ ಕ್ಲಬ್ ಚೆಂಡಿಗಿಂತ ಮೊದಲು ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಚೆಂಡಿನ ನೆತ್ತಿ ಸವರಿಕೊಂಡು ಹೋಗುತ್ತದೆ. ಕಾರಣ ಹೇಳುತ್ತೇವೆ. (ಇಲ್ಲಿರುವುದು ಬಲಗೈ ಆಟಗಾರರ ಲೆಕ್ಕ; ಎಡಗೈಯವರು ಅದಲು ಬದಲು ಮಾಡಿಕೊಳ್ಳಲಿ.)

ಭಾರವೆಲ್ಲ ಬಲಕ್ಕೆ ಬರಲೆಂದು ಹೊರಟವರ ಸೊಂಟ ತಿರುಗುವ ಬದಲು ಪಕ್ಕಕ್ಕೆ ಸರಿಯುತ್ತದೆ. ಬಲ ಮಂಡಿ ಹೊರಕ್ಕೆ ವಾಲಿ, ಪಾದದ ಹೊರ ಅಂಚಿನ ಮೇಲೆ ನಿಂತಂತಾಗುತ್ತದೆ. ಇದೇ ಸ್ವೇ. ಅಲ್ಲಿಂದ ಮರಳಲು ಸಮಯ ಸಾಲದು. ಐರನ್ (ಚಪ್ಪಟೆ ಲೋಹದ ತಲೆಯ, ಸಂಖ್ಯೆಯಿಂದ ಗುರುತಿಸುವ ಕ್ಲಬ್) ಹಿಡಿದು ನಿಂತಾಗ ಎರಡೂ ಕಾಲಿಗೆ ಸರಿಸಮ ಭಾರವಿರಲಿ. ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಕ್ಲಬ್ ಹಿಂದಕ್ಕೆ ಎತ್ತುವಾಗ, ಬಲಗಾಲಿಗೆ ಶೇ 70–80ರಷ್ಟು ಬಂದರೆ ಸಾಕು, ಅದೂ ಪಾದದ ಒಳಮಗ್ಗುಲಿಗೆ. ಬಲ ಪಾದದ ಹೊರ ಅಂಚಿನ ಕೆಳಗೆ ಒಂದು ಗಾಲ್ಫ್ ಚೆಂಡು ಸಿಕ್ಕಿಸಿ ನಿಧಾನವಾಗಿ ಸ್ವಿಂಗ್ ಮಾಡಿದರೆ ಹೊರಕ್ಕೆ ವಾಲಲು ಆಗುವುದೇ ಇಲ್ಲ. ಇನ್ನೊಂದು ದಾರಿ: ಬಲ ಸೊಂಟದಿಂದ ಎರಡು ಬೆರಳು ದೂರದಲ್ಲಿ ಕೋಲು ನೆಟ್ಟು, ಸೊಂಟ ಅದಕ್ಕೆ ಒತ್ತದಂತೆ ತಿರುಗಿ. ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ಸೊಂಟದ ಕೀಲು ಬಿಗಿದು ತಿರುಗುವುದೇ ಕಷ್ಟವಾಗಿರಬಹುದು. ಅಂಥವರು ಬಲ ಪಾದವನ್ನು 15–20 ಡಿಗ್ರಿ ಹೊರಕ್ಕೆ ತೆರೆದು ನಿಂತು, ಎಡ ಹಿಮ್ಮಡಿ ತುಸು ಏಳಲು ಬಿಡಲಿ. ಕಾಲುಗಳ ನಡುವೆ ಅಂತರ ಅತಿಯಾದರೂ ಇದೇ ತೊಂದರೆ.

‘ತಲೆ ಅಲುಗಿಸಬೇಡಿ’ ಎಂಬುದು ಇನ್ನೂ ಅಪಾಯದ ಮಾತು. ತಲೆಯನ್ನು ಮೊಳೆ ಹೊಡೆದಂತೆ ಇಟ್ಟವರ ಎಡ ಭುಜ ಕುಸಿದು, ಬೆನ್ನು ಗುರಿಯ ಕಡೆಗೆ ವಾಲಿ, ಕ್ಲಬ್ ಮೇಲಿರುವಾಗ ಭಾರ ಎಡಗಾಲಿನ ಮೇಲೆ ಕೂತಿರುತ್ತದೆ. ಕೆಳಗಿಳಿಯುವಾಗ ಅದು ಬಲಕ್ಕೆ ಓಡುತ್ತದೆ. ಈ ರಿವರ್ಸ್ ಪಿವಟ್ ಸೊಂಟನೋವಿಗೂ ದಾರಿ. ಪರೀಕ್ಷೆ ಸುಲಭ: ನಿಧಾನವಾಗಿ ಕ್ಲಬ್ ಎತ್ತಿ, ಮೇಲೆ ನಿಲ್ಲಿಸಿ, ಎಡ ಪಾದ ಎತ್ತಿ ನೋಡಿ. ಎತ್ತಲಾಗದಿದ್ದರೆ ಭಾರ ಬಲಕ್ಕೆ ಹೋಗಿಯೇ ಇಲ್ಲ. ತಲೆ ಒಂದೆರಡು ಇಂಚು ಬಲಕ್ಕೆ ಸರಿದರೆ ಏನೂ ಕೆಡುವುದಿಲ್ಲ.

ನಿಮ್ಮ ಬರಹದಲ್ಲಿ ಪೂರ್ತಿ ಬಿಟ್ಟುಹೋದದ್ದು ಹೊತ್ತಿನ ಲೆಕ್ಕ. ಪಾದದ ಒತ್ತಡ ಅಳೆಯುವ ಪ್ರೆಷರ್ ಪ್ಲೇಟ್ ಮೇಲೆ ನಿಲ್ಲಿಸಿ ಅಳೆದರೆ, ನುರಿತವರ ಬಲಗಾಲಿನ ಒತ್ತಡ ಸಾಮಾನ್ಯವಾಗಿ ಎಡತೋಳು ನೆಲಕ್ಕೆ ಸಮಾನಾಂತರ ಬರುವ ಹೊತ್ತಿಗೇ ಗರಿಷ್ಠ ಮುಟ್ಟಿರುತ್ತದೆ. ಕ್ಲಬ್ ಇನ್ನೂ ಮೇಲೇರುತ್ತಿರುವಾಗಲೇ ಅದು ಎಡಕ್ಕೆ ಮರಳತೊಡಗಿ, ಚೆಂಡಿಗೆ ತಾಗುವಾಗ ಶೇ 80ರ ಆಸುಪಾಸು ಎಡಗಾಲಿನಲ್ಲಿರುತ್ತದೆ. ಮೇಲೆ ತಲುಪಿದ ಮೇಲೆ ಭಾರ ತರೋಣ ಎನ್ನುವವರಿಗೆ ತಡವಾಗಿಯೇ ಆಗುತ್ತದೆ. ಕ್ರಿಕೆಟ್ ಆಡಿದವರಿಗೆ ಈ ಕ್ರಮ ಗೊತ್ತು: ಫ್ರಂಟ್‌ಫೂಟ್ ಡ್ರೈವ್‌ನಲ್ಲಿ ಕಾಲು ಮೊದಲು, ಬ್ಯಾಟ್ ಆಮೇಲೆ. ಇದನ್ನೇ ಕಲಿಸುವುದು ಸ್ಟೆಪ್ ಡ್ರಿಲ್. ಎಂಟು ಅಥವಾ ಒಂಬತ್ತನೇ ಐರನ್ ಹಿಡಿದು ಪಾದ ಜೋಡಿಸಿ ನಿಲ್ಲಿ. ಕ್ಲಬ್ ಮೇಲೆ ಮುಟ್ಟುವ ಮುನ್ನವೇ ಎಡಗಾಲನ್ನು ಗುರಿಯ ಕಡೆಗೆ ಇಡಿ, ಆಮೇಲೆ ಹೊಡೆಯಿರಿ. ಹತ್ತು ಸಲ ಚೆಂಡಿಲ್ಲದೆ, ನಂತರ ಅರ್ಧ ಇಂಚಿನ ಟೀ (ಚೆಂಡು ನಿಲ್ಲಿಸುವ ಪುಟ್ಟ ಗೂಟ) ಮೇಲೆ ಚೆಂಡಿಟ್ಟು, ಅರ್ಧ ವೇಗದಲ್ಲಿ. ಕ್ರಿಕೆಟ್ ಹೋಲಿಕೆ ಇಲ್ಲಿಗೇ ಸಾಕು. ಅಲ್ಲಿ ತಲೆ ಚೆಂಡಿನ ಮೇಲೆ ಬಾಗುತ್ತದೆ. ಡ್ರೈವರ್ (ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್) ಹಿಡಿದಾಗ ಚೆಂಡು ಎಡ ಹಿಮ್ಮಡಿಯ ನೇರಕ್ಕಿರುವುದರಿಂದ ಭಾರ ಎಡಕ್ಕೆ ಬಂದರೂ ತಲೆ ಚೆಂಡಿನ ಹಿಂದೆಯೇ ಉಳಿಯಬೇಕು.

ಭಾರ ಬಂತೋ ಇಲ್ಲವೋ ಎಂದು ಹೇಳುವುದು ನೆಲ. ಹುಲ್ಲಿನ ಮೇಲೆ ಸುಣ್ಣದ ಪುಡಿಯಿಂದ ಗುರಿಗೆ ಅಡ್ಡಲಾಗಿ ಗೆರೆ ಎಳೆದು, ಚೆಂಡಿಲ್ಲದೆ ಏಳನೇ ಐರನ್‌ನಲ್ಲಿ ಸ್ವಿಂಗ್ ಮಾಡಿ. ಮಣ್ಣು ಕಿತ್ತ ಗುರುತು ಗೆರೆಯಲ್ಲೇ ಶುರುವಾಗಿ ಗುರಿಯ ಕಡೆಗೆ ಸಾಗಬೇಕು. ಗೆರೆಗಿಂತ ಹಿಂದೆ ಶುರುವಾದರೆ ಭಾರ ಬಲಗಾಲಿನಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಅಭ್ಯಾಸದ ರೇಂಜ್‌ನಲ್ಲಿ ಹಾಸಿರುವ ಮ್ಯಾಟ್ ಇದನ್ನು ಮುಚ್ಚಿಡುತ್ತದೆ. ಹಿಂದೆ ಬಡಿದ ಕ್ಲಬ್ ಜಾರಿಕೊಂಡು ಬಂದು ಚೆಂಡನ್ನು ಚೆನ್ನಾಗಿಯೇ ಹೊಡೆದಂತೆ ಕಾಣುತ್ತದೆ, ಮಳೆಗಾಲದ ಒದ್ದೆ ಫೇರ್‌ವೇಯಲ್ಲಿ (ಆಟದ ಹುಲ್ಲು ಹಾದಿಯಲ್ಲಿ) ಬಣ್ಣ ಬಯಲಾಗುತ್ತದೆ. ಮ್ಯಾಟ್ ಮೇಲೆ ಆಡುವವರು ಚೆಂಡಿನಿಂದ ನಾಲ್ಕು ಇಂಚು ಹಿಂದೆ, ಮಡಿಸಿದ ಟವೆಲ್ ಇಟ್ಟು, ಅದಕ್ಕೆ ತಾಗದಂತೆ ಹೊಡೆಯಲಿ.

ಗುಳಿಗೆ ಹತ್ತಿರದಿಂದ ಹೊಡೆಯುವ ಚಿಕ್ಕ ಚಿಪ್ ಹೊಡೆತಕ್ಕೆ ಇದ್ಯಾವುದೂ ಬೇಡ. ಶೇ 60ರಷ್ಟು ಭಾರ ಮೊದಲಿಂದಲೇ ಎಡಗಾಲಿನಲ್ಲಿರಲಿ, ಕೊನೆವರೆಗೂ ಅಲ್ಲೇ ಇರಲಿ.

ಮುಂದಿನ ಬಾರಿ ಚಿತ್ರ ಹಾಕುವುದಾದರೆ ಆಟಗಾರನ ಎದೆಗೆ ನೇರವಾಗಿ, ಸೊಂಟದೆತ್ತರದಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದನ್ನು ಹಾಕಿ. ಗುರಿಯ ಸಾಲಿನಲ್ಲಿ ಹಿಂದೆ ನಿಂತು ತೆಗೆದ ಚಿತ್ರದಲ್ಲಿ ಸೊಂಟ ಪಕ್ಕಕ್ಕೆ ಸರಿದದ್ದು ಗೊತ್ತಾಗುವುದಿಲ್ಲ.

– ಕೆಲವು ಗಾಲ್ಫ್ ತರಬೇತುದಾರರು, ಬೆಂಗಳೂರು